ಒಗರು ಬಲ್ಲ ನಾಲಿಗೆಗೆ ಕೆಂಪು ವೈನ್

ತಮ್ಮಾ, ಬೆಂಗಳೂರಿನಿಂದ ರಜಕ್ಕೆ ಊರಿಗೆ ಬರುವ ನಿನ್ನ ವಯಸ್ಸಿನವರ ಚೀಲದಲ್ಲಿ ಈಚೆಗೆ ಒಂದು ಕೆಂಪು ವೈನ್ ಬಾಟಲಿ ಇದ್ದೇ ಇರುತ್ತದೆ. ತಂದದ್ದಕ್ಕೆ ನನ್ನ ತಕರಾರಿಲ್ಲ, ಕುಡಿಯುವ ಕ್ರಮ ನೋಡಿದರೆ ಮಾತ್ರ ಬೇಸರವಾಗುತ್ತದೆ. ಕಾರಿನ ಹಿಂಬದಿಯಲ್ಲಿ ಬಿಸಿಲಿಗೆ ಕಾದ ಬಾಟಲಿ, ಪಕ್ಕದಲ್ಲಿ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಎರಡೇ ಗುಟುಕಿಗೆ ಲೋಟ ಖಾಲಿ. ಆಮೇಲೆ, "ಇದೆಂಥ ಒಗರು ಮಾರಾಯ, ಕಷಾಯ ಕುಡಿದ ಹಾಗಾಯ್ತು" ಎಂಬ ಮಾತು. ಕುಡಿಯಲೇಬೇಕು ಎಂದು ನಾನು ಯಾರಿಗೂ ಹೇಳುವುದಿಲ್ಲ. ಕುಡಿಯದವರು ಏನನ್ನೂ ಕಳೆದುಕೊಂಡಿಲ್ಲ. ಆದರೆ ದುಡ್ಡು ಕೊಟ್ಟು ತಂದ ಮೇಲೆ ಅದರ ರುಚಿ ತಿಳಿದು ಕುಡಿ. ಅಮಲಿಗೆ ಬೇಡ, ಔಷಧಿ ಎಂದು ಬೇಡ, ನಾಲ್ಕು ಜನರೆದುರಿನ ಶೋಕಿಗೂ ಬೇಡ. ರುಚಿಗೆ ಮಾತ್ರ, ಅದೂ ಊಟದ ಜೊತೆಗೆ ಮಾತ್ರ.

ನೀನು ಬೈದುಕೊಂಡ ಆ ಒಗರಿನಿಂದಲೇ ಶುರುಮಾಡೋಣ. ಶಿವಮೊಗ್ಗ ಸೀಮೆಯಲ್ಲಿ ಹುಟ್ಟಿದವನಿಗೆ ಒಗರನ್ನು ಯಾರೂ ಪರಿಚಯ ಮಾಡಿಸಬೇಕಾಗಿಲ್ಲ. ಅಡಿಕೆ ಸುಲಿಯುವ ಕಾಲದಲ್ಲಿ ಎಳೆ ಅಡಿಕೆಯ ಒಂದು ಹೋಳನ್ನು ಬಾಯಿಗೆ ಹಾಕಿಕೊಂಡರೆ ಕೆನ್ನೆಯ ಒಳಗೆಲ್ಲ ಒಣಗಿ, ನಾಲಿಗೆ ಹಿಡಿದುಕೊಂಡಂತೆ ಆಗುತ್ತದಲ್ಲ, ವೈನಿನ ಒಗರೂ ಅದೇ. ಅಡಿಕೆಯಲ್ಲಿರುವ ಟ್ಯಾನಿನ್, ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಲ್ಲಿರುವ ಟ್ಯಾನಿನ್, ಎರಡೂ ಒಂದೇ ಕುಲದವು. ಬಾಯಿಯ ಜೊಲ್ಲಿನಲ್ಲಿರುವ ಪ್ರೋಟೀನನ್ನು ಟ್ಯಾನಿನ್ ಹಿಡಿದುಕೊಂಡಾಗ ಜೊಲ್ಲಿನ ಜಾರುವ ಗುಣ ಹೋಗಿ, ಬಾಯಿ ಬಿಗಿದಂತಾಗುತ್ತದೆ. ಸುಲಿದ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿದಾಗ ಇಳಿಯುವ ಚೊಗರನ್ನು ನೋಡಿದ್ದೀಯಲ್ಲ? ಕೈಗೆ ಹತ್ತಿದರೆ ವಾರವಾದರೂ ಹೋಗದ ಆ ಕೆಂಪು ರಸದಲ್ಲಿ ಬಣ್ಣವೂ ಇದೆ, ಒಗರೂ ಇದೆ. ವೈನ್ ತೊಟ್ಟಿಯಲ್ಲಿ ನಡೆಯುವುದೂ ಇಂಥದೇ ಕೆಲಸ. ಕಪ್ಪು ದ್ರಾಕ್ಷಿಯನ್ನು ಹಿಂಡಿದರೆ ಸಾಮಾನ್ಯವಾಗಿ ಬರುವುದು ಬಣ್ಣವಿಲ್ಲದ ರಸ. ಸಿಪ್ಪೆ, ಬೀಜದ ಸಮೇತ ದಿನಗಟ್ಟಲೆ ಹುದುಗಲು ಬಿಟ್ಟಾಗ ಸಿಪ್ಪೆಯ ಬಣ್ಣ, ಒಗರು ರಸಕ್ಕೆ ಇಳಿಯುತ್ತವೆ. ಸಿಪ್ಪೆ ತೆಗೆದು ಹುದುಗಿಸಿದರೆ ಕಪ್ಪು ದ್ರಾಕ್ಷಿಯಿಂದಲೂ ಬಿಳಿ ವೈನ್ ಮಾಡಬಹುದು.

ಎಳೆಯದಿದ್ದಾಗ ಒಗರು ಹೆಚ್ಚು, ಬಲಿತಂತೆ ಕಡಿಮೆ ಎಂಬುದು ಅಡಿಕೆಗೆ ಸಲ್ಲುವಂತೆ ದ್ರಾಕ್ಷಿಬೀಜಕ್ಕೂ ಸಲ್ಲುತ್ತದೆ. ಸರಿಯಾಗಿ ಬಲಿಯುವ ಮೊದಲೇ ಕೊಯ್ದ ದ್ರಾಕ್ಷಿಯ ವೈನು ಗಂಟಲನ್ನು ಕೆರೆಯುತ್ತದೆ. ಬಲಿತ ಹಣ್ಣಿನದಾದರೆ ಒಗರು ನಯವಾಗಿ ಬಂದು ನಯವಾಗಿ ಹೋಗುತ್ತದೆ. ಶಿವಮೊಗ್ಗದ ಮಂಡಿಗಳಲ್ಲಿ ಅಡಿಕೆಯನ್ನು ಅಂಗೈಯಲ್ಲಿ ಉರುಳಿಸಿ, ಒಂದನ್ನು ಕತ್ತರಿಸಿ ನೋಡಿ, ಇದು ಸರಕು, ಇದು ಬೆಟ್ಟೆ, ಇದು ರಾಶಿ, ಇದು ಗೊರಬಲು ಎಂದು ಬೇರೆ ಮಾಡುವ ಹಿರಿಯರ ಕಣ್ಣು, ನಾಲಿಗೆ ಇದೆಯಲ್ಲ, ವೈನ್ ಅರಿಯಲು ಬೇಕಾದ್ದು ಅಷ್ಟೇ ಗಮನ. ಅದಕ್ಕೆ ಫ್ರೆಂಚ್ ಕಲಿಯಬೇಕಾಗಿಲ್ಲ.

ಅಡಿಕೆಯ ಹೆಸರು ತೆಗೆದೆನೆಂದು ಎಲೆಅಡಿಕೆ ಹಾಕಿಕೊಂಡು ವೈನಿಗೆ ಕೂರಬೇಡ. ಸುಣ್ಣ, ಅಡಿಕೆ ಕೂಡಿದ ಬಾಯಿಗೆ ಬೇರೆ ಯಾವ ರುಚಿಯೂ ಹತ್ತುವುದಿಲ್ಲ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮದ್ಯವನ್ನೂ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿನಲ್ಲೇ ಇಟ್ಟಿದೆ. ಅಡಿಕೆಯಿಂದಲೇ ಅನ್ನ ತಿನ್ನುವ ನಾಡಿನವನಾಗಿ ಇದನ್ನು ಹೇಳುವುದು ನನಗೆ ಸುಲಭವಲ್ಲ, ಆದರೂ ಹೇಳಬೇಕು. ಬಾಯಲ್ಲಿ ತಂಬಾಕೂ ಇದ್ದರಂತೂ ಅದರ ಮೇಲೆ ಮದ್ಯ ಬೀಳಲೇಬಾರದು. ಎರಡೂ ಕೂಡಿದರೆ ಬಾಯಿ, ಗಂಟಲಿನ ಕ್ಯಾನ್ಸರಿನ ಅಪಾಯ ಬರೀ ಕೂಡುವುದಿಲ್ಲ, ಗುಣಿಸುತ್ತದೆ.

ಇನ್ನು ಇದು ಎಲ್ಲಿಂದ ಬಂತು ಎಂಬುದು. ವೈನಿನ ತವರು ಫ್ರಾನ್ಸ್ ಎಂದು ಬಹಳ ಜನ ನಂಬಿದ್ದಾರೆ. ಆದರೆ ಕಾಕಸಸ್ ಬೆಟ್ಟಗಳ ತೆಂಕಣ ಮಗ್ಗುಲಿನ ಜಾರ್ಜಿಯಾ ದೇಶದಲ್ಲಿ ಅಗೆದು ತೆಗೆದ ಮಡಕೆಚೂರುಗಳಲ್ಲಿ ಸಿಕ್ಕ ದ್ರಾಕ್ಷಾರಸದ ಗುರುತು ಸುಮಾರು 8,000 ವರ್ಷ ಹಳೆಯದು. ಆ ಸಂಶೋಧನೆ ಪ್ರಕಟವಾದದ್ದು 2017ರಲ್ಲಿ. ನಮ್ಮ ಅಂಗಡಿಗಳಲ್ಲಿ ನೀನು ಹೆಚ್ಚಾಗಿ ಕಾಣುವ ಎರಡು ತಳಿಗಳು ಮಾತ್ರ ಫ್ರಾನ್ಸಿನವೇ. ಶಿರಾಜ್ ಎಂಬ ಹೆಸರು ಕೇಳಿ ಇರಾನಿನ ಶಿರಾಜ್ ಪಟ್ಟಣದಿಂದ ಬಂದ ದ್ರಾಕ್ಷಿ ಎಂದು ಕಥೆ ಹೇಳುವವರಿದ್ದಾರೆ. 1990ರ ದಶಕದ ಕೊನೆಯ ಡಿಎನ್ಎ ಪರೀಕ್ಷೆ ಆ ಕಥೆಯನ್ನು ಮುಗಿಸಿತು. ಅದು ಫ್ರಾನ್ಸಿನ ಆಗ್ನೇಯ ಭಾಗದ ದುರೇಜಾ, ಮೊಂದ್ಯೂಸ್ ಬ್ಲಾಂಶ್ ಎಂಬ ಎರಡು ತಳಿಗಳ ಸಂತಾನ. ಕ್ಯಾಬರ್ನೆ ಸೊವಿನ್ಯೊ ಬೋರ್ಡೊ ಕಡೆಯದು. ಕಪ್ಪು ಕ್ಯಾಬರ್ನೆ ಫ್ರಾಂಕಿಗೂ ಬಿಳಿಯ ಸೊವಿನ್ಯೊ ಬ್ಲಾಂಕಿಗೂ ತೋಟದಲ್ಲಿ ತಾನಾಗಿ ಆದ ಸಂಕರದಿಂದ ಹುಟ್ಟಿತು.

ಕನ್ನಡ ನಾಡಿನಲ್ಲಿ ಈ ತಳಿಗಳು ಗಟ್ಟಿಯಾಗಿ ಬೇರೂರಿದ್ದು ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಿನಲ್ಲಿ. ಕನ್ವಲ್ ಗ್ರೋವರ್ 1988ರಲ್ಲಿ ಅಲ್ಲಿ ಗ್ರೋವರ್ ವೈನ್‌ಯಾರ್ಡ್ಸ್ ಕಟ್ಟಿದರು. ಬೋರ್ಡೊದ ಹೆಸರಾಂತ ವೈನ್ ತಜ್ಞ ಮಿಶೆಲ್ ರೋಲಾನ್ ಮುಂದೆ ಅವರಿಗೆ ಸಲಹೆಗಾರರಾದರು. ಕ್ಯಾಬರ್ನೆ, ಶಿರಾಜ್ ಎರಡನ್ನೂ ಬೆರೆಸಿ ಓಕ್ ಪೀಪಾಯಿಯಲ್ಲಿಟ್ಟು ಮಾಡುವ ಅವರ 'ಲಾ ರಿಸರ್ವ್' ನಮ್ಮ ದೇಶದ ಕೆಂಪು ವೈನುಗಳಲ್ಲಿ ಮೊದಲು ಹೆಸರು ಮಾಡಿದವುಗಳಲ್ಲಿ ಒಂದು. ಆಮೇಲೆ 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು, ದ್ರಾಕ್ಷಾರಸ ಮಂಡಳಿಯೂ ಬಂತು. ಕೊಪ್ಪಳ ಜಿಲ್ಲೆಯ ಕಲ್ಲುಗುಡ್ಡಗಳ ನಡುವೆ, ಹಂಪಿ ಹಿಲ್ಸ್ ಎಂಬ ಹೆಸರಿನಲ್ಲಿ ಕರಿಸ್ಮಾ ಎಸ್ಟೇಟಿನವರು ಕ್ಯಾಬರ್ನೆಯ ಜೊತೆಗೆ ಇಟಲಿಯ ಸಾಂಜೊವೇಸೆಯನ್ನೂ ಬೆಳೆಸಿದ್ದಾರೆ.

ನಮ್ಮ ಮಲೆನಾಡಿನಲ್ಲೇಕೆ ಬೆಳೆಯುವುದಿಲ್ಲ ಎಂದು ಕೇಳುತ್ತೀಯೆ? ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅಷ್ಟಿಲ್ಲದ ಕಡೆಯೂ ಮಳೆಗಾಲದ ಥಂಡಿಗೆ ದ್ರಾಕ್ಷಿಎಲೆಗೆ ಬೂಜುರೋಗ ಹಿಡಿಯುತ್ತದೆ. ಅಡಿಕೆಗೆ ಬೇಕಾದ ನೀರು ದ್ರಾಕ್ಷಿಗೆ ಶತ್ರು. ಒಣ ಸೀಮೆಯಲ್ಲೂ ಬೆಳೆಗಾರರು ಮಳೆಯನ್ನು ತಪ್ಪಿಸಿಯೇ ಬೆಳೆ ತೆಗೆಯುತ್ತಾರೆ. ಏಪ್ರಿಲ್ ಸುಮಾರಿಗೆ ಒಮ್ಮೆ ಚಾಟನಿ, ಅಂದರೆ ಬಳ್ಳಿ ಸವರುವುದು, ಮಳೆ ಇಳಿಯುವ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಫಸಲಿನ ಚಾಟನಿ, ಕೊಯ್ಲು ಫೆಬ್ರವರಿ-ಮಾರ್ಚಿಗೆ. ಯುರೋಪಿನಲ್ಲಿ ಬಳ್ಳಿ ಹಿಮದಲ್ಲಿ ಮಲಗುತ್ತದೆ. ನಮ್ಮಲ್ಲಿ ಮಲಗುವುದೇ ಇಲ್ಲ, ರೈತನೇ ಕತ್ತರಿಯಿಂದ ಅದಕ್ಕೆ ಕಾಲ ತೋರಿಸಬೇಕು. ಆ ದುಡಿಮೆ ನೆನಪಿದ್ದರೆ ಲೋಟವನ್ನು ಎರಡು ಗುಟುಕಿಗೆ ಮುಗಿಸಲು ಮನಸ್ಸು ಬರುವುದಿಲ್ಲ.

ಅಂಗಡಿಯಲ್ಲಿ ಕೊಳ್ಳುವಾಗ ಬೆಲೆ ನೋಡುವ ಮೊದಲು ಚೀಟಿ ಓದು. ಪೋರ್ಟ್ ಎಂದು ಬರೆದ ಅಗ್ಗದ ಸಿಹಿ ವೈನುಗಳು ನಮ್ಮ ಕಡೆ ಬಹಳ ಖರ್ಚಾಗುತ್ತವೆ. ನಿಜವಾದ ಪೋರ್ಟ್ ಪೋರ್ಚುಗಲ್ಲಿನ ಡೌರೊ ಕಣಿವೆಯದು. 1756ರಲ್ಲೇ ಅಲ್ಲಿನವರು ಅದರ ಗಡಿ ಗುರುತಿಸಿದ್ದರು. ನಮ್ಮ ರಾಜ್ಯದ ಸಿಹಿ ವೈನಿಗೆ ಹೆಚ್ಚಾಗಿ ಹೋಗುವುದು ಬೆಂಗಳೂರು ನೀಲಿ ದ್ರಾಕ್ಷಿ. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ತಿನ್ನಲು, ಜ್ಯೂಸಿಗೆ ಸೊಗಸಾದ ಹಣ್ಣು. ಆದರೆ ಅದರಲ್ಲಿ ಅಮೆರಿಕದ ಲಾಬ್ರುಸ್ಕಾ ಜಾತಿಯ ದ್ರಾಕ್ಷಿಯ ರಕ್ತವಿದೆ, ವಾಸನೆಯೇ ಬೇರೆ. ಸಿಹಿಯ ಮರೆಯಲ್ಲಿ ಎಷ್ಟು ಕುಡಿದೆ ಎಂಬ ಲೆಕ್ಕ ತಪ್ಪುತ್ತದೆ. ಹೊಸಬನಾದ ನಿನಗೆ ಅದನ್ನು ನಾನು ಹೇಳುವುದಿಲ್ಲ. ಶಿರಾಜಿನಿಂದ ಶುರುಮಾಡು. ಕ್ಯಾಬರ್ನೆಯ ಒಗರು ಬಿಗಿ, ಅದು ಆಮೇಲೆ. ಸಾಂಜೊವೇಸೆಯಲ್ಲಿ ಹುಳಿ ಮುಂದಾಗಿರುತ್ತದೆ. ಮತ್ತೆ, ಕಾರ್ಕು ಮೇಲೆದ್ದು ಬಂದ, ಕತ್ತಿನ ಬಳಿ ಅಂಟಂಟಾದ ಬಾಟಲಿ ಬಿಸಿಲು ಕಂಡದ್ದು, ತೆಗೆದುಕೊಳ್ಳಬೇಡ.

'ರೂಮ್ ಟೆಂಪರೇಚರಿನಲ್ಲಿ ಕುಡಿಯಬೇಕು' ಎಂಬ ಮಾತನ್ನು ಕಣ್ಣು ಮುಚ್ಚಿ ನಂಬಿದವರು ನಮ್ಮೂರಲ್ಲಿ ಒಳ್ಳೊಳ್ಳೆಯ ವೈನನ್ನು ಹಾಳು ಮಾಡಿಕೊಳ್ಳುತ್ತಿದ್ದಾರೆ. ಆ ಮಾತು ಹುಟ್ಟಿದ್ದು ಯುರೋಪಿನ ತಣ್ಣಗಿನ ಕಲ್ಲುಮನೆಗಳಲ್ಲಿ, ಅಲ್ಲಿನ ಕೋಣೆ ಎಂದರೆ 16ರಿಂದ 18 ಡಿಗ್ರಿ. ಏಪ್ರಿಲ್ ತಿಂಗಳ ಶಿವಮೊಗ್ಗದಲ್ಲಿ, ಅದರಲ್ಲೂ ಭದ್ರಾವತಿಯ ಶೀಟು ಹೊದಿಸಿದ ಮನೆಯಲ್ಲಿ, ಕೋಣೆಯೇ 33-34 ಡಿಗ್ರಿ ಇರುತ್ತದೆ. ಆ ಬಿಸಿಗೆ ವೈನಿನ ಮದ್ಯಸಾರ ಮೂಗಿಗೆ ಹೊಡೆದು ಹಣ್ಣಿನ ವಾಸನೆ ಸತ್ತುಹೋಗುತ್ತದೆ. ಬೇಸಿಗೆಯಲ್ಲಿ ಒಂದೂವರೆ ಗಂಟೆ, ಮಳೆಗಾಲದಲ್ಲಿ ಮುಕ್ಕಾಲು ಗಂಟೆ ಫ್ರಿಜ್ಜಿನಲ್ಲಿಡು. ತೀರಾ ಕೊರೆಯುವಷ್ಟು ತಣ್ಣಗೂ ಬೇಡ, ಆಗ ಒಗರೊಂದೇ ಎದ್ದು ಕಾಣುತ್ತದೆ. ಅಟ್ಟದ ಮೇಲೆ ವರ್ಷಗಟ್ಟಲೆ ಕೂಡಿಡಬೇಡ. ನಮ್ಮ ಸೆಕೆಗೆ ಅದು ಹಳೆಯದಾಗುವುದಿಲ್ಲ, ಕೆಡುತ್ತದೆ. ಬೇಕಾದಾಗ ತಂದು ಕುಡಿ. ಬಿಗಿ ಒಗರಿನ ಕ್ಯಾಬರ್ನೆಯನ್ನು ಊಟಕ್ಕೆ ಒಂದು ಗಂಟೆ ಮೊದಲೇ ಜಗ್ಗಿಗೆ ಸುರಿದಿಡು, ಗಾಳಿಯಾಡಿ ಮೆತ್ತಗಾಗುತ್ತದೆ. ಗಾಜಿನ ಲೋಟದ ಮೂರನೇ ಒಂದು ಭಾಗ ಮಾತ್ರ ತುಂಬಿಸು, ಮೇಲಿನ ಖಾಲಿ ಜಾಗ ವಾಸನೆಗೆ ಬೇಕು.

ವಾಸನೆ ನೋಡುವುದನ್ನು ಬಿಡಬೇಡ. ಶಿರಾಜ್ ಲೋಟಕ್ಕೆ ಮೂಗು ಹಿಡಿದು ಕಣ್ಣು ಮುಚ್ಚು. ಹಣ್ಣಾದ ನೇರಳೆಯ ಹಿಂದೆ ಕಾಳುಮೆಣಸಿನ ವಾಸನೆ ಬರಬಹುದು. ಅದು ನಿನ್ನ ಕಲ್ಪನೆಯಲ್ಲ. ನಮ್ಮ ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ಕಾಳಿನಲ್ಲಿರುವ ರೊಟಂಡೋನ್ ಎಂಬ ವಸ್ತುವೇ ಶಿರಾಜ್ ದ್ರಾಕ್ಷಿಯ ಸಿಪ್ಪೆಯಲ್ಲೂ ಇದೆ ಎಂದು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ತೋರಿಸಿದರು. ಐದರಲ್ಲಿ ಒಬ್ಬರಿಗೆ ಈ ವಾಸನೆ ಹತ್ತುವುದೇ ಇಲ್ಲ ಎಂಬುದನ್ನೂ ಅವರೇ ಕಂಡುಕೊಂಡರು. ಹಾಗಾಗಿ ಪಕ್ಕದವನಿಗೆ ಸಿಗದಿದ್ದರೆ ಜಗಳಕ್ಕೆ ನಿಲ್ಲಬೇಡ. ಕ್ಯಾಬರ್ನೆಯಲ್ಲಿ ಕೆಲವೊಮ್ಮೆ ಹಸಿ ದೊಣ್ಣೆಮೆಣಸಿನಕಾಯಿ ಕತ್ತರಿಸಿದ ಘಮ ಇರುತ್ತದೆ, ಅದಕ್ಕೂ ಎರಡರಲ್ಲೂ ಇರುವ ಒಂದೇ ಬಗೆಯ ವಸ್ತು ಕಾರಣ. ಓಕ್ ಪೀಪಾಯಿಯಲ್ಲಿದ್ದ ವೈನಿಗೆ ವೆನಿಲ್ಲಾ, ಹೊಗೆ, ಒಮ್ಮೊಮ್ಮೆ ಕೊಬ್ಬರಿಯ ವಾಸನೆಯೂ ಬರುತ್ತದೆ.

ಈಗ ಊಟಕ್ಕೆ ಬರೋಣ. ನನಗೆ ಹೆಚ್ಚು ಹೇಳಬೇಕಾಗಿರುವುದೂ ಇಲ್ಲೇ. ಒಗರಿಗೆ ಜಿಡ್ಡು ಮತ್ತು ಪ್ರೋಟೀನು ಬೇಕು. ಅವು ಇದ್ದರೆ ಟ್ಯಾನಿನ್ ಬಾಯಿಯ ಜೊಲ್ಲನ್ನು ಬಿಟ್ಟು ಅವನ್ನು ಹಿಡಿಯುತ್ತದೆ. ಒಗರು ಇಳಿದು ಹಣ್ಣು ಕಾಣಿಸಿಕೊಳ್ಳುತ್ತದೆ. ಮಲೆನಾಡಿನ ಹಂದಿಮಾಂಸವನ್ನು ಕಾಳುಮೆಣಸು ಕುಟ್ಟಿ ಹಾಕಿ, ಅದರದೇ ಕೊಬ್ಬಿನಲ್ಲಿ ಹುರಿದು, ಅಕ್ಕಿರೊಟ್ಟಿಯ ಜೊತೆ ಬಡಿಸಿದರೆ ಪಕ್ಕದಲ್ಲಿ ಶಿರಾಜ್ ಇರಲಿ. ಮೆಣಸಿಗೆ ಮೆಣಸು ಸೇರುತ್ತದೆ, ಕೊಬ್ಬು ಒಗರನ್ನು ಹಿಡಿಯುತ್ತದೆ. ಇದಕ್ಕಿಂತ ಒಳ್ಳೆಯ ಜೋಡಿಯನ್ನು ನಾನು ಕಂಡಿಲ್ಲ. ಭದ್ರಾವತಿಯ ಕಡೆಗೆ ಬಂದರೆ ಮಲೆನಾಡು ಮುಗಿದು ಬಯಲುಸೀಮೆ ಶುರು, ಅಲ್ಲಿ ಮುದ್ದೆ, ಮಟನ್ ಸಾರು. ಸಾರಿನಲ್ಲಿ ತೆಂಗಿನಕಾಯಿ, ಗಸಗಸೆ ಮುಂದಿದ್ದು ಒಣಮೆಣಸು ಹಿಂದಿದ್ದರೆ ಕ್ಯಾಬರ್ನೆಯೂ ನಡೆಯುತ್ತದೆ.

ಖಾರ ಜೋರಿದ್ದರೆ ಮಾತ್ರ ಕೇಳು. ಮದ್ಯಸಾರವೂ ಒಗರೂ ಮೆಣಸಿನಕಾಯಿಯ ಉರಿಯನ್ನು ಹೆಚ್ಚಿಸುತ್ತವೆ. ನಾಟಿಕೋಳಿ ಸಾರು ಕಣ್ಣಲ್ಲಿ ನೀರು ತರಿಸುವಂತಿದ್ದರೆ ಆ ಹೊತ್ತಿಗೆ ವೈನ್ ಬೇಡ, ಮಜ್ಜಿಗೆ ಸಾಕು. ಮಿಲಿಟರಿ ಹೋಟೆಲಿನ ಚಾಪ್ಸ್ ಪಾರ್ಸೆಲ್ ತಂದು ದುಬಾರಿ ವೈನ್ ಬಿಚ್ಚುವುದು ಎರಡಕ್ಕೂ ಮಾಡುವ ಅನ್ಯಾಯ. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ತಟ್ಟೆಯಿಂದ ದೂರವಿಡು. ನಾನು ಅಪ್ಪೆಮಿಡಿಯ ಪರಮ ಅಭಿಮಾನಿ, ಆದರೆ ಆ ಹುಳಿ, ಉಪ್ಪು, ಖಾರದ ಮುಂದೆ ಯಾವ ವೈನೂ ಸಪ್ಪೆ. ಹೋಳಿಗೆ, ಕಾಯಿಕಡುಬಿನ ಜೊತೆಯೂ ಬೇಡ. ಸಿಹಿ ತಿಂದ ಬಾಯಿಗೆ ಸಿಹಿಯಿಲ್ಲದ ಕೆಂಪು ವೈನ್ ಕಹಿಯಾಗುತ್ತದೆ.

ಘಟ್ಟ ಹತ್ತಿ ಬರುವ ಬಂಗುಡೆ, ಭೂತಾಯಿ ಮೀನು ನಮ್ಮಲ್ಲಿ ಎಲ್ಲರಿಗೂ ಪ್ರೀತಿ. ಅದರ ಜೊತೆ ಕೆಂಪು ವೈನ್ ಕುಡಿದವರು ಬಾಯಲ್ಲಿ ಏನೋ ಹಳಸಿದ ಮೀನಿನ ವಾಸನೆ ಉಳಿಯಿತು ಎನ್ನುತ್ತಾರೆ. ಮೀನು ತಾಜಾ ಇದ್ದರೂ ಹಾಗಾಗುತ್ತದೆ. ಕಾರಣ ಕಬ್ಬಿಣ. ವೈನಿನಲ್ಲಿ ಕಣಪ್ರಮಾಣದ ಕಬ್ಬಿಣ ಇರುತ್ತದೆ. ಅದು ಮೀನೆಣ್ಣೆಯನ್ನು ಬಾಯಲ್ಲೇ ಕೆಡಿಸಿ ಆ ವಾಸನೆ ಹುಟ್ಟಿಸುತ್ತದೆ ಎಂದು ಜಪಾನಿನ ಸಂಶೋಧಕರು 2009ರಲ್ಲಿ ತೋರಿಸಿದರು. ಕೆಂಪು ವೈನಿನಲ್ಲಿ ಕಬ್ಬಿಣ ಸಾಮಾನ್ಯವಾಗಿ ಹೆಚ್ಚು. ಮೀನಿನ ದಿನ ಬಾಟಲಿ ಮುಚ್ಚಿಯೇ ಇರಲಿ.

ಮಾಂಸ ತಿನ್ನದ ಮನೆಗಳಿಗೂ ದಾರಿ ಇದೆ. ಮುಂಗಾರಿನ ಕಾಡಣಬೆಯನ್ನು ಬೆಳ್ಳುಳ್ಳಿ, ಬೆಣ್ಣೆ ಹಾಕಿ ಹುರಿದರೆ ಅದರ ಮಣ್ಣಿನ ಘಮಕ್ಕೆ ಸಾಂಜೊವೇಸೆ ಚೆನ್ನ. ಗುರುತು ಬಲ್ಲವರು ತಂದ ಅಣಬೆಯನ್ನೇ ಬಳಸು ಎಂದು ಬೇರೆ ಹೇಳಬೇಕಿಲ್ಲ. ಶೇಂಗಾ, ಎಳ್ಳು ತುಂಬಿದ ಬದನೆ ಎಣ್ಣೆಗಾಯಿಯ ಜಿಡ್ಡಿಗೆ ಶಿರಾಜ್ ಹೊಂದುತ್ತದೆ, ಹುಣಸೆ ಸ್ವಲ್ಪ ಹಿಂದೆ ಸರಿಯಬೇಕು ಅಷ್ಟೇ. ಊಟದ ಹುಳಿ ವೈನಿನ ಹುಳಿಯನ್ನು ಮೀರಿದರೆ ವೈನ್ ನೀರಾಗುತ್ತದೆ. ಎಳೆ ಹಲಸಿನಕಾಯಿಯ ಒಣ ಪಲ್ಯ, ಕಾವಲಿಯಲ್ಲಿ ಹುರಿದ ಪತ್ರೊಡೆ, ಇವೂ ನಡೆಯುತ್ತವೆ. ಕಳಲೆಯ ವಾಸನೆ ಮಾತ್ರ ವೈನಿಗೆ ಒಗ್ಗಲಿಲ್ಲ.

'ರೆಡ್ ವೈನ್ ಹೃದಯಕ್ಕೆ ಒಳ್ಳೆಯದು' ಎಂದು ಯಾರೇ ಹೇಳಿದರೂ ತಲೆಯಾಡಿಸಬೇಡ. 1991ರಲ್ಲಿ ಅಮೆರಿಕದ ಟಿವಿ ಕಾರ್ಯಕ್ರಮವೊಂದು, ಬೆಣ್ಣೆ ತಿನ್ನುವ ಫ್ರೆಂಚರಿಗೆ ಹೃದಯಾಘಾತ ಕಡಿಮೆ, ಅದಕ್ಕೆ ಕೆಂಪು ವೈನ್ ಕಾರಣವಿರಬಹುದು ಎಂದದ್ದೇ ತಡ, ಆ ನಂಬಿಕೆ ಹಬ್ಬಿತು. ಔಷಧಿ ಎಂದು ಹೆಸರಾದ ರೆಸ್ವೆರಟ್ರಾಲ್ ಒಂದು ಲೀಟರಿನಲ್ಲಿ ಇರುವುದು ಕೆಲವು ಮಿಲಿಗ್ರಾಂ ಮಾತ್ರ. ಯಾವ ಪ್ರಮಾಣದ ಮದ್ಯವೂ ಆರೋಗ್ಯಕ್ಕೆ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಅಪ್ಪನಿಗೆ, ಅತ್ತೆಗೆ ಹೃದಯಕ್ಕೆಂದು ಬಾಟಲಿ ತಂದುಕೊಡಬೇಡ. ಸಕ್ಕರೆ ಕಾಯಿಲೆ, ಬಿಪಿ, ಯಕೃತ್ತಿನ ತೊಂದರೆಗೆ ಮಾತ್ರೆ ನುಂಗುವವರು, ಬಸುರಿಯರು ಇದರ ಹತ್ತಿರ ಬರಬಾರದು. ನೀನೂ ಊಟಕ್ಕೆ 150 ಮಿಲಿಲೀಟರಿನ ಒಂದು ಲೋಟಕ್ಕೆ ನಿಲ್ಲಿಸು, ವಾರದ ಹೆಚ್ಚಿನ ದಿನ ಅದೂ ಬೇಡ. ಒಂದು ಬಾಟಲಿಯಲ್ಲಿ ಅಂಥ ಐದು ಲೋಟ ಇರುತ್ತದೆ, ಅಂದರೆ ಐದು ಜನರ ಬಾಟಲಿ. ಉಳಿದದ್ದಕ್ಕೆ ಕಾರ್ಕು ಹಾಕಿ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ದಿನ ತಡೆಯುತ್ತದೆ. ಆಮೇಲೆ ಹುಳಿಯುತ್ತದೆ.

ಚೀಟಿ ಇಲ್ಲದ ಬಾಟಲಿ, ಗುರುತಿಲ್ಲದವರು ಮಾರುವ 'ಮನೆ ವೈನ್' ಕೊಳ್ಳಬೇಡ. ಅದರಲ್ಲಿ ಏನು ಬೆರೆತಿದೆ, ಎಷ್ಟು ಕಡುಪು ಎಂದು ತಿಳಿಯುವ ದಾರಿಯೇ ಇಲ್ಲ. ಭದ್ರಾವತಿಯವರಿಗೆ ಇದನ್ನು ಒತ್ತಿ ಹೇಳುವ ಅಗತ್ಯವಿಲ್ಲ. 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ ನಮ್ಮ ಕಾರ್ಖಾನೆಯಲ್ಲಿ ಸೌದೆಯನ್ನು ಇದ್ದಿಲು ಮಾಡುವಾಗ ಏಳುವ ಹೊಗೆಯನ್ನು ಬಟ್ಟಿ ಇಳಿಸಿ ಮೆಥನಾಲ್ ತೆಗೆಯುತ್ತಿದ್ದರು. ನೋಡಲು, ಮೂಸಲು ಅದೂ ಮದ್ಯಸಾರದಂತೆಯೇ. ಹೊಟ್ಟೆಗೆ ಹೋದರೆ ಕಣ್ಣು ಕಳೆಯುತ್ತದೆ, ಪ್ರಾಣ ತೆಗೆಯುತ್ತದೆ. ಕಳ್ಳ ಮದ್ಯದ ಸಾವುಗಳ ಹಿಂದೆ ಹೆಚ್ಚಾಗಿ ಇರುವುದು ಅದೇ.

ಊಟಕ್ಕೆ ಬಂದವರಲ್ಲಿ ಕುಡಿಯದವರಿದ್ದರೆ ಒತ್ತಾಯ ಮಾಡಬೇಡ, ಏಕೆ ಎಂದೂ ಕೇಳಬೇಡ. ಅವರಿಗೆ ಮುರುಗಲು ಹಣ್ಣಿನ ಪಾನಕವನ್ನು ಅದೇ ಗಾಜಿನ ಲೋಟದಲ್ಲಿ ಕೊಡು. ಮತ್ತೆ, ಕುಡಿದ ರಾತ್ರಿ ಬಿ.ಎಚ್. ರಸ್ತೆಗೆ ಗಾಡಿ ಇಳಿಸಬೇಡ. ಶಿವಮೊಗ್ಗದಿಂದ ಭದ್ರಾವತಿಗೆ ಅರ್ಧ ಗಂಟೆಯ ದಾರಿ ತಾನೇ ಎನ್ನಬೇಡ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಕಾನೂನಿಗೆ ನೀನು ಅಪರಾಧಿ, ಒಂದೆರಡು ಲೋಟಕ್ಕೇ ಅಲ್ಲಿಗೆ ಮುಟ್ಟಬಹುದು. ಊಟ ಮಾಡಿದ ಮನೆಯಲ್ಲೇ ಚಾಪೆ ಹಾಸಿಕೊಂಡು ಮಲಗು, ಬೆಳಿಗ್ಗೆ ಕಾಫಿ ಕುಡಿದು ಹೊರಡು.